ಗಾಳಿಯ ಲೆಕ್ಕ, ಹೊಗೆಯ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರತಿವರ್ಷ ಜೂನ್ 1ರಿಂದ ನವೆಂಬರ್ 30ರವರೆಗಿನ ಆರು ತಿಂಗಳನ್ನು ಹರಿಕೇನ್ ಕಾಲವೆಂದು ಕರೆಯುತ್ತಾರೆ. ಈ ಅವಧಿಯಲ್ಲಿ ಅಟ್ಲಾಂಟಿಕ್ ಸಾಗರದಲ್ಲೂ ಮೆಕ್ಸಿಕೋ ಕೊಲ್ಲಿಯಲ್ಲೂ ಹುಟ್ಟಿ ದಡಕ್ಕಪ್ಪಳಿಸುವ ಚಂಡಮಾರುತಗಳು ಹಾಳುಗೆಡವಿದ ಮನೆ, ಸೇತುವೆ, ವಿದ್ಯುತ್ ಜಾಲ, ಬೆಳೆಗಳ ಬೆಲೆಯನ್ನು ಅಲ್ಲಿನ ಸರ್ಕಾರ ದಶಕಗಳ ಕಾಲ ಡಾಲರುಗಳಲ್ಲಿ ಕೂಡಿ ಬರೆದಿಟ್ಟಿತು. ಅದೇ ಸರ್ಕಾರದ ಬೇರೊಂದು ಕಚೇರಿಯಲ್ಲಿ ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲಗಳನ್ನು ಸುಟ್ಟಾಗ ವಾತಾವರಣ ಸೇರುವ ಅನಿಲಗಳನ್ನು ಟನ್ನುಗಳಲ್ಲಿ ಎಣಿಸಲಾಯಿತು. ಮೊದಲನೆಯದು ಗಾಳಿಯ ಲೆಕ್ಕ, ಎರಡನೆಯದು ಹೊಗೆಯ ಲೆಕ್ಕ. ಇವೆರಡಕ್ಕೂ ನಂಟಿದೆಯೆಂದು ವಿಜ್ಞಾನಿಗಳು ಹೇಳತೊಡಗಿ ನಾಲ್ಕು ದಶಕಗಳಾಗುತ್ತ ಬಂದವು. ಕೆಲವು ಚಂಡಮಾರುತಗಳ ಮಟ್ಟಿಗೆ ಆ ನಂಟಿನ ಗಾತ್ರವನ್ನು ಅಂಕಿಗಳಲ್ಲೇ ಹೇಳಬಲ್ಲ ಸಾಧನಗಳೂ ಈಗ ಕೈಗೆ ಬಂದಿವೆ. ಆದರೂ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿ ಬರೆಯಲು ಅಧಿಕಾರದಲ್ಲಿದ್ದವರು ಮತ್ತೆ ಮತ್ತೆ ನಿರಾಕರಿಸಿದ್ದಾರೆ. ಈ ನಿರಾಕರಣೆ ಅಜ್ಞಾನದಿಂದ ಬಂದದ್ದಲ್ಲ, ಬಹುಪಾಲು ಅರಿತೇ ಮಾಡಿದ್ದು ಎಂಬುದಕ್ಕೆ ಶಾಸನಗಳೂ ಸರ್ಕಾರಿ ಕಡತಗಳೂ ಸಾಕ್ಷಿ ಒದಗಿಸುತ್ತವೆ.

ಹರಿಕೇನ್, ಟೈಫೂನ್, ಸೈಕ್ಲೋನ್ ಎಂಬ ಮೂರು ಹೆಸರುಗಳೂ ಒಂದೇ ವಿದ್ಯಮಾನಕ್ಕೆ ಬೇರೆ ಬೇರೆ ಸಾಗರಗಳ ಕಡೆ ಬಳಕೆಗೆ ಬಂದವು. ಅವುಗಳಲ್ಲಿ ಸೈಕ್ಲೋನ್ ಎಂಬ ಪದ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ. ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಹಡಗುಗಳ ದಿನಚರಿಗಳಿಂದ ಅಧ್ಯಯನ ಮಾಡಿದ ಹೆನ್ರಿ ಪಿಡಿಂಗ್ಟನ್, ಸುತ್ತಿಕೊಂಡ ಹಾವನ್ನು ನೆನಪಿಸುವ ಗ್ರೀಕ್ ಮೂಲದಿಂದ ಅದನ್ನು ಕಟ್ಟಿದನು. ಆ ಹೆಸರಿನ ಜೊತೆಗೆ ಅವನು ಒಂದು ಎಚ್ಚರಿಕೆಯನ್ನೂ ಬಿಟ್ಟುಹೋದನು. ಸುಂದರಬನದ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರೊಂದನ್ನು ಕಟ್ಟಲು ಹೊರಟಿದ್ದ ಬ್ರಿಟಿಷ್ ಆಡಳಿತಕ್ಕೆ 1853ರಲ್ಲಿ ಪತ್ರ ಬರೆದು, ಚಂಡಮಾರುತದ ಜೊತೆ ಏರಿಬರುವ ಕಡಲ ಉಬ್ಬರ ಆ ಊರನ್ನು ಒಂದು ದಿನ ಮುಳುಗಿಸುತ್ತದೆ ಎಂದು ಅವನು ತಿಳಿಸಿದನು. ಆಡಳಿತ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎಂಬ ಆ ಬಂದರು 1867ರ ನವೆಂಬರಿನ ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು, ಮುಂದೆ ಬಂದರಾಗಿ ಉಳಿಯಲಿಲ್ಲ. ಅಂದಿನ ಅಧಿಕಾರಿಗಳು ಕಡೆಗಣಿಸಿದ್ದು ನಿಸರ್ಗ ತಾನಾಗಿ ತರಬಹುದಾದ ಅಪಾಯವನ್ನು. ಇಂದಿನವರ ಮುಂದಿರುವುದು ಆ ಅಪಾಯಕ್ಕೆ ಮನುಷ್ಯ ಸೇರಿಸುತ್ತಿರುವ ಪಾಲು.

ಆ ಪಾಲು ಎಲ್ಲಿಂದ ಬರುತ್ತದೆಂದು ತಿಳಿಯಲು ಚಂಡಮಾರುತ ನಡೆಯುವ ಬಗೆಯನ್ನು ನೋಡಬೇಕು. ಕಡಲಿನ ಮೇಲ್ಪದರ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬೆಚ್ಚಗಿದ್ದು, ಮೇಲಿನ ಗಾಳಿ ಹೆಚ್ಚು ಅಡ್ಡಾದಿಡ್ಡಿಯಾಗಿ ಬೀಸದಿದ್ದರೆ, ಆವಿಯಿಂದ ತುಂಬಿದ ಗಾಳಿ ಮೇಲೇರಿ ತಣಿದು ಮೋಡವಾಗುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟೇ ನೀರನ್ನು ಮಂಜುಗಡ್ಡೆಯ ತಂಪಿನಿಂದ ಕುದಿಯುವವರೆಗೆ ಕಾಯಿಸಲು ಬೇಕಾದುದರ ಸುಮಾರು ಆರು ಪಟ್ಟು ಇದು. ಆವಿಯೊಳಗೆ ಅಡಗಿ ಕುಳಿತ ಈ ಶಾಖಕ್ಕೆ ಗುಪ್ತೋಷ್ಣ ಎಂದು ಹೆಸರು. ಆವಿ ಮತ್ತೆ ಹನಿಯಾಗುವಾಗ ಅದು ಬಿಡುಗಡೆಯಾಗಿ ಸುತ್ತಲಿನ ಗಾಳಿಯನ್ನು ಇನ್ನಷ್ಟು ಮೇಲೇರಿಸುತ್ತದೆ, ಕೆಳಗೆ ವಾಯುಭಾರ ಕುಸಿಯುತ್ತದೆ, ಕುಸಿದ ಕಡೆಗೆ ನುಗ್ಗುವ ಗಾಳಿ ಭೂಮಿಯ ತಿರುಗುವಿಕೆಯಿಂದಾಗಿ ಸುಳಿಯಾಗುತ್ತದೆ, ಸುಳಿ ಬಿರುಸಾದಷ್ಟೂ ಕಡಲಿನಿಂದ ಆವಿ ಇನ್ನೂ ವೇಗವಾಗಿ ಏಳುತ್ತದೆ. ಹೀಗೆ ಚಂಡಮಾರುತವೆಂಬುದು ಬೆಚ್ಚನೆಯ ಕಡಲಿನಿಂದ ಶಾಖವನ್ನು ಹೀರಿ ಗಾಳಿಯ ವೇಗವಾಗಿ ಮಾರ್ಪಡಿಸುವ ಒಂದು ಯಂತ್ರ.

ಆ ಯಂತ್ರಕ್ಕೆ ಈಗ ಹೆಚ್ಚಿನ ಇಂಧನ ಸಿಗುತ್ತಿದೆ. ಸೂರ್ಯನಿಂದ ಬಂದ ಬೆಳಕನ್ನು ಒಳಗೆ ಬಿಟ್ಟು, ನೆಲ ಮತ್ತು ಕಡಲು ಹೊರಸೂಸುವ ಶಾಖವನ್ನು ತಡೆಹಿಡಿಯುವ ಅನಿಲಗಳನ್ನು ಹಸಿರುಮನೆ ಅನಿಲಗಳು ಎನ್ನುತ್ತಾರೆ. ಅವುಗಳಲ್ಲಿ ಮುಖ್ಯವಾದ ಇಂಗಾಲದ ಡೈಆಕ್ಸೈಡ್, 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಇತ್ತು. 2024ರ ಸರಾಸರಿ 424ನ್ನು ದಾಟಿದೆ. ಹೀಗೆ ಭೂಮಿಯಲ್ಲಿ ಉಳಿದುಹೋದ ಹೆಚ್ಚುವರಿ ಶಾಖದ ನೂರರಲ್ಲಿ ತೊಂಬತ್ತು ಪಾಲು ಸೇರಿರುವುದು ಸಾಗರಕ್ಕೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹಿಡಿದಿಡಬಲ್ಲ ಆವಿ ಶೇ. 7ರಷ್ಟು ಹೆಚ್ಚುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಿಂದಲೇ ತಿಳಿದ ಭೌತಶಾಸ್ತ್ರ. ಬಿಸಿಯಾದ ನೀರು ಹಿಗ್ಗುವುದರಿಂದಲೂ ಹಿಮನದಿಗಳು ಕರಗುವುದರಿಂದಲೂ 1901ರಿಂದ 2018ರ ನಡುವೆ ಕಡಲ ಮಟ್ಟ ಜಗತ್ತಿನ ಸರಾಸರಿಯಲ್ಲಿ ಸುಮಾರು 20 ಸೆಂಟಿಮೀಟರ್ ಏರಿದೆ. ಆದ್ದರಿಂದ ನೂರು ವರ್ಷಗಳ ಹಿಂದಿನಷ್ಟೇ ಬಲದ ಚಂಡಮಾರುತ ಇಂದು ಬಂದರೂ ಅದು ಹೆಚ್ಚು ಎತ್ತರದ ಕಡಲಿನ ಮೇಲಿಂದ ಬರುತ್ತದೆ, ಹೆಚ್ಚು ಮಳೆಯನ್ನು ಹೊತ್ತು ತರುತ್ತದೆ.

ಬಲವೂ ಹೆಚ್ಚುತ್ತಿದೆಯೇ ಎಂಬ ಪ್ರಶ್ನೆ ಬಹುಕಾಲ ವಾದಕ್ಕೆ ಎಡೆಮಾಡಿಕೊಟ್ಟಿತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೆರ್ರಿ ಇಮ್ಯಾನ್ಯುಯೆಲ್ 1987ರಲ್ಲೇ, ಹಸಿರುಮನೆ ಅನಿಲಗಳು ಹೆಚ್ಚಿದಂತೆ ಚಂಡಮಾರುತಗಳ ಗರಿಷ್ಠ ತೀವ್ರತೆ ಏರಬೇಕೆಂದು ಸಿದ್ಧಾಂತದಿಂದ ಲೆಕ್ಕ ಹಾಕಿ ತೋರಿಸಿದ್ದರು. ಅದೇ ವಿಜ್ಞಾನಿ 2005ರ ಆಗಸ್ಟ್ ತಿಂಗಳ ಆರಂಭದಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ, ಚಂಡಮಾರುತಗಳ ಗಾಳಿಯ ವೇಗದ ಘನವನ್ನು ಅವುಗಳ ಆಯುಷ್ಯದುದ್ದಕ್ಕೂ ಕೂಡಿದಾಗ ಬರುವ ಮೊತ್ತ 1970ರ ದಶಕದ ಮಧ್ಯದಿಂದೀಚೆಗೆ ಗಮನಾರ್ಹವಾಗಿ ಏರಿದೆಯೆಂದೂ ಆ ಏರಿಕೆ ಕಡಲಿನ ಶಾಖದೊಡನೆ ಹೆಜ್ಜೆ ಹಾಕುತ್ತಿದೆಯೆಂದೂ ತೋರಿಸಿದರು. ಘನವನ್ನು ತೆಗೆದುಕೊಳ್ಳಲು ಕಾರಣವಿದೆ: ಗಾಳಿ ವ್ಯಯಿಸುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ವೇಗ ಶೇ. 10ರಷ್ಟು ಹೆಚ್ಚಿದರೆ ಶಕ್ತಿ ಶೇ. 33ರಷ್ಟು ಹೆಚ್ಚುತ್ತದೆ. ಈ ಲೇಖನ ಹೊರಬಂದ ತಿಂಗಳೊಳಗೆ, ಆಗಸ್ಟ್ 29ರಂದು, ಕತ್ರೀನಾ ಚಂಡಮಾರುತ ಲೂಸಿಯಾನ ರಾಜ್ಯಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದು ಊರಿನ ಶೇ. 80 ಭಾಗ ಮುಳುಗಿತು. ಪರಿಷ್ಕೃತ ಲೆಕ್ಕದ ಪ್ರಕಾರ ಸತ್ತವರು 1,392, ನಷ್ಟ 12,500 ಕೋಟಿ ಡಾಲರ್.

ಅದೇ ಬೇಸಿಗೆಯ ಇನ್ನೊಂದು ಸಂಗತಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಶ್ವೇತಭವನದ ಪರಿಸರ ಮಂಡಳಿಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಫಿಲಿಪ್ ಕೂನಿ, ಸರ್ಕಾರಿ ವಿಜ್ಞಾನಿಗಳು ಬರೆದ ಹವಾಮಾನ ವರದಿಗಳಲ್ಲಿ ಖಚಿತವಾಗಿದ್ದ ವಾಕ್ಯಗಳಿಗೆ ಅನುಮಾನದ ಪದಗಳನ್ನು ಸೇರಿಸಿ ತಿದ್ದಿದ್ದು ಜೂನ್ ತಿಂಗಳಲ್ಲಿ ಬಯಲಾಯಿತು. ವಕೀಲರಾಗಿದ್ದ ಅವರಿಗೆ ವಿಜ್ಞಾನದ ತರಬೇತಿ ಇರಲಿಲ್ಲ, ಹಿಂದಿನ ಕೆಲಸ ತೈಲ ಕಂಪನಿಗಳ ಸಂಘದ್ದು. ರಾಜೀನಾಮೆ ಕೊಟ್ಟ ಮೇಲೆ ಸೇರಿದ್ದು ಎಕ್ಸಾನ್‌ಮೊಬಿಲ್ ಕಂಪನಿಯನ್ನು. ಒಬ್ಬ ವ್ಯಕ್ತಿಯ ನಡತೆಗಿಂತ ಇಲ್ಲಿ ಗಮನಿಸಬೇಕಾದದ್ದು ಆ ತಿದ್ದುಪಡಿಯ ಬಗೆ. ಹಸಿರುಮನೆ ಪರಿಣಾಮವನ್ನು ಸುಳ್ಳೆಂದು ಹೇಳುವ ಅಗತ್ಯ ಅಲ್ಲಿರಲಿಲ್ಲ. ಇನ್ನೂ ತೀರ್ಮಾನವಾಗಿಲ್ಲ ಎಂಬ ಭಾವನೆ ಹುಟ್ಟಿಸಿದರೆ ಸಾಕಿತ್ತು, ಏಕೆಂದರೆ ತೀರ್ಮಾನವಾಗದ ವಿಷಯದ ಮೇಲೆ ಯಾವ ಸರ್ಕಾರವೂ ಕಾನೂನು ಮಾಡಬೇಕಾಗಿಲ್ಲ.

ನಿಜವಾದ ವೈಜ್ಞಾನಿಕ ಅನುಮಾನಗಳೂ ಇದ್ದವು, ಅವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಉಪಗ್ರಹಗಳಿಗೆ ಮುಂಚಿನ ದಾಖಲೆಗಳು ಅಪೂರ್ಣ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2021ರ ವರದಿಯಲ್ಲೂ, ಚಂಡಮಾರುತಗಳ ಒಟ್ಟು ಸಂಖ್ಯೆ ದೀರ್ಘಕಾಲದಲ್ಲಿ ಹೆಚ್ಚಿದೆಯೆಂದು ಖಚಿತವಾಗಿ ಹೇಳಿಲ್ಲ. ಮೂರರಿಂದ ಐದನೆಯ ದರ್ಜೆಯ, ಅಂದರೆ ಗಂಟೆಗೆ 178 ಕಿಲೋಮೀಟರ್ ಮೀರಿದ ಗಾಳಿಯ ಚಂಡಮಾರುತಗಳ ಪ್ರಮಾಣ ನಾಲ್ಕು ದಶಕಗಳಲ್ಲಿ ಏರಿರುವುದು ಸಂಭವನೀಯ ಎಂದಷ್ಟೇ ಹೇಳಿದೆ. ನಷ್ಟದ ಮೊತ್ತ ಏರುತ್ತಿರುವುದಕ್ಕೆ ಬಹುದೊಡ್ಡ ಕಾರಣ ಗಾಳಿಯಲ್ಲ, ದಡದ ಮೇಲಿನ ಆಸ್ತಿ ಎಂಬ ವಾದದಲ್ಲೂ ಸತ್ಯವಿದೆ: ಹಿಂದೆ ಜೌಗು ಮತ್ತು ಮರಳಿದ್ದ ಮಯಾಮಿಯ ತೀರದಲ್ಲಿ ಇಂದು ಸಾಲುಸಾಲು ಗಗನಚುಂಬಿಗಳಿರುವಾಗ ಅದೇ ಗಾಳಿ ನೂರು ಪಟ್ಟು ಬೆಲೆಯನ್ನು ಮುರಿಯಬಲ್ಲದು. ಆದರೆ ಈ ಸತ್ಯ ಹೊಗೆಯ ಪಾಲನ್ನು ಸೊನ್ನೆಗಿಳಿಸುವುದಿಲ್ಲ. ದುಬಾರಿ ವಸ್ತುಗಳಿರುವ ಮನೆಗೆ ಬೆಂಕಿ ಬಿದ್ದರೆ ನಷ್ಟ ಹೆಚ್ಚು ಎಂಬುದು ಬೆಂಕಿಗೆ ಎಣ್ಣೆ ಸುರಿದವನನ್ನು ಹೊಣೆಯಿಂದ ಬಿಡಿಸದು.

ಆ ಪಾಲು ಎಷ್ಟೆಂದು ಬಿಡಿಸಿ ಹೇಳುವ ವಿದ್ಯೆಗೆ ಹೊಣೆನಿರ್ಣಯದ ವಿಜ್ಞಾನ ಎನ್ನಬಹುದು. ನಡೆದ ಚಂಡಮಾರುತವನ್ನು ಕಂಪ್ಯೂಟರ್ ಮಾದರಿಯಲ್ಲಿ ಎರಡು ಸಲ ನಡೆಸಲಾಗುತ್ತದೆ, ಒಮ್ಮೆ ಇಂದಿನ ಬೆಚ್ಚನೆಯ ಜಗತ್ತಿನಲ್ಲಿ, ಇನ್ನೊಮ್ಮೆ ಹೊಗೆ ಸೇರದಿದ್ದರೆ ಇರುತ್ತಿದ್ದ ಜಗತ್ತಿನಲ್ಲಿ. ಎರಡರ ವ್ಯತ್ಯಾಸವೇ ಮನುಷ್ಯನ ಪಾಲು. 2012ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ತೀರಗಳನ್ನು ಮುಳುಗಿಸಿದ ಸ್ಯಾಂಡಿ ಚಂಡಮಾರುತವನ್ನು ಹೀಗೆ ಪರೀಕ್ಷಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಮನುಷ್ಯನಿಂದಾದ ಕಡಲೇರಿಕೆ ಅಲ್ಲಿ ಹತ್ತು ಸೆಂಟಿಮೀಟರಿಗಿಂತ ತುಸು ಕಡಿಮೆ, ಅಂಗೈ ಅಗಲದಷ್ಟು. ಆದರೆ 6,000 ಕೋಟಿ ಡಾಲರ್ ಮೀರಿದ ಒಟ್ಟು ನಷ್ಟದಲ್ಲಿ ಸುಮಾರು 810 ಕೋಟಿ ಡಾಲರ್ ಆ ಅಂಗೈ ಅಗಲದ ನೀರಿನಿಂದಲೇ ಆದದ್ದು, ಅದಿಲ್ಲದಿದ್ದರೆ ಸುಮಾರು 71,000 ಜನರ ಮನೆಗಳಿಗೆ ನೀರು ನುಗ್ಗುತ್ತಿರಲಿಲ್ಲ. 2017ರ ಆಗಸ್ಟಿನಲ್ಲಿ ಟೆಕ್ಸಸ್ ರಾಜ್ಯದ ಮೇಲೆ ದಿನಗಟ್ಟಲೆ ಕದಲದೆ ನಿಂತ ಹಾರ್ವಿ, ನೆದರ್‌ಲ್ಯಾಂಡ್ ಎಂಬ ಊರಿನಲ್ಲಿ 1,539 ಮಿಲಿಮೀಟರ್ ಮಳೆ ಸುರಿಸಿತು. ಆ ಮಳೆಯಲ್ಲಿ ಬಿಸಿಯೇರಿಕೆಯ ಪಾಲು ಸುಮಾರು ಶೇ. 15 ಎಂದು ಒಂದು ತಂಡವೂ ಶೇ. 38ರವರೆಗೂ ಇರಬಹುದೆಂದು ಇನ್ನೊಂದು ತಂಡವೂ ಲೆಕ್ಕ ಹಾಕಿದವು. ಅಂಕಿಗಳು ಬೇರೆಯಾದರೂ ದಿಕ್ಕು ಒಂದೇ. ಅಣೆಕಟ್ಟು, ಚರಂಡಿ, ವಿಮೆಯ ವಿಷಯದಲ್ಲಿ ಶೇ. 15 ಸಣ್ಣದಲ್ಲ: ಒಡ್ಡು ತುಂಬುವವರೆಗಿನ ನೀರು ಹಾನಿ ಮಾಡುವುದಿಲ್ಲ, ಒಡ್ಡು ಮೀರಿದ ಕೊನೆಯ ಅಂಗೈ ಅಗಲದ ನೀರೇ ಊರನ್ನು ಮುಳುಗಿಸುತ್ತದೆ.

ಈ ಜ್ಞಾನ ಸರ್ಕಾರಿ ಮೇಜನ್ನು ತಲುಪಿದಾಗ ಏನಾಯಿತೆಂಬುದಕ್ಕೆ ನಾರ್ತ್ ಕ್ಯಾರೊಲೈನಾದ ಉದಾಹರಣೆ ವಿವರವಾಗಿ ನೋಡಲು ತಕ್ಕದ್ದು. ಆ ರಾಜ್ಯದ ಕರಾವಳಿ ಆಯೋಗ ತಾನೇ ನೇಮಿಸಿದ ವಿಜ್ಞಾನಿಗಳ ಸಮಿತಿ 2010ರಲ್ಲಿ, 2100ರ ಹೊತ್ತಿಗೆ ಕಡಲು ಒಂದು ಮೀಟರ್ ಏರಬಹುದೆಂದು ಭಾವಿಸಿ ಯೋಜನೆ ಮಾಡಬೇಕೆಂದು ಸಲಹೆ ಕೊಟ್ಟಿತು. ಹಾಗೆ ಮಾಡಿದರೆ ದಡದ ಜಮೀನಿನ ಬೆಲೆ ಇಳಿಯುತ್ತದೆ, ಕಟ್ಟಡಗಳಿಗೆ ನಿರ್ಬಂಧ ಬರುತ್ತದೆ ಎಂದು ಕರಾವಳಿ ಜಿಲ್ಲೆಗಳ ಅಭಿವೃದ್ಧಿ ಹಿತಾಸಕ್ತಿಗಳು ಗುಲ್ಲೆಬ್ಬಿಸಿದವು. ಶಾಸನಸಭೆಯ ಮುಂದೆ ಬಂದ ಕರಡಿನಲ್ಲಿ, ಮುಂದಿನ ಏರಿಕೆಯನ್ನು 1900ರಿಂದೀಚಿನ ಹಳೆಯ ವೇಗದಿಂದ ಮಾತ್ರ ನೇರಗೆರೆಯಲ್ಲಿ ಎಳೆದು ಹೇಳಬೇಕು, ವೇಗ ಹೆಚ್ಚಬಹುದೆಂಬ ಊಹೆಯನ್ನು ಬಳಸಕೂಡದು ಎಂಬ ಅಂಶವಿತ್ತು. ರಾಜ್ಯಪಾಲರ ಸಹಿಯಿಲ್ಲದೆಯೇ 2012ರಲ್ಲಿ ಜಾರಿಗೆ ಬಂದ ಅಂತಿಮ ಕಾನೂನು ಸ್ವಲ್ಪ ಮೆದುವಾಗಿತ್ತು. ಕಡಲೇರಿಕೆಯ ಯಾವ ದರವನ್ನೂ 2016ರ ಜುಲೈವರೆಗೆ ನಿಯಂತ್ರಣಕ್ಕೆ ಬಳಸಬಾರದೆಂದು ಅದು ತಡೆದಿತ್ತು. 2015ರಲ್ಲಿ ಬಂದ ಹೊಸ ವರದಿಯ ದೃಷ್ಟಿಯನ್ನು ಮೂವತ್ತು ವರ್ಷಗಳಿಗೆ ಸೀಮಿತಗೊಳಿಸಲಾಯಿತು. ಶತಮಾನದ ದ್ವಿತೀಯಾರ್ಧದಲ್ಲಿ ಏರಿಕೆ ಬಿರುಸಾಗುತ್ತದೆಂಬುದೇ ಮೊದಲ ವರದಿಯ ತಿರುಳಾಗಿದ್ದುದರಿಂದ, ಮೂವತ್ತು ವರ್ಷಕ್ಕೆ ಪರದೆ ಎಳೆದರೆ ಆ ತಿರುಳೇ ಕಾಣದಂತಾಗುತ್ತದೆ. 2018ರ ಸೆಪ್ಟೆಂಬರ್ 14ರಂದು ಫ್ಲಾರೆನ್ಸ್ ಚಂಡಮಾರುತ ಇದೇ ರಾಜ್ಯದ ದಡಕ್ಕೆ ಬಂದು, ನಡಿಗೆಯ ವೇಗಕ್ಕಿಳಿದು, ಸುಮಾರು 2,400 ಕೋಟಿ ಡಾಲರ್ ನಷ್ಟ ಮಾಡಿತು. ಕಾನೂನು ಕಡಲನ್ನು ತಡೆಯಲಿಲ್ಲ. ತಡೆದದ್ದು ಕಡಲಿನ ಬಗೆಗಿನ ಅರಿವನ್ನು.

ಫ್ಲಾರಿಡಾದಲ್ಲಿ ನಡೆದದ್ದು ಪದಗಳ ಮೇಲಿನ ನಿರ್ಬಂಧ. ರಾಜ್ಯದ ಪರಿಸರ ಇಲಾಖೆಯ ನೌಕರರಿಗೆ ಹವಾಮಾನ ಬದಲಾವಣೆ ಎಂಬ ಪದಗಳನ್ನು ಬಳಸದಂತೆ ಬಾಯ್ಮಾತಿನ ಸೂಚನೆಯಿತ್ತೆಂದು 2015ರಲ್ಲಿ ಪತ್ರಕರ್ತರು ವರದಿ ಮಾಡಿದರು. ಅಂದಿನ ರಾಜ್ಯಪಾಲ ರಿಕ್ ಸ್ಕಾಟ್ ಅದನ್ನು ಅಲ್ಲಗಳೆದರು. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಆ ರಾಜ್ಯದತ್ತ ಬರುತ್ತಿದ್ದಾಗ, ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥ ಸ್ಕಾಟ್ ಪ್ರುಯಿಟ್, ಇಂಥ ಹೊತ್ತಿನಲ್ಲಿ ಕಾರಣದ ಚರ್ಚೆ ಮಾಡುವುದು ಸಂಕಷ್ಟದಲ್ಲಿರುವವರ ಬಗ್ಗೆ ಸಂವೇದನೆಯಿಲ್ಲದ ನಡೆ ಎಂದರು. ಪ್ರುಯಿಟ್ ಅವರದೇ ಪಕ್ಷಕ್ಕೆ ಸೇರಿದ, ಮಯಾಮಿಯ ಮೇಯರ್ ತೋಮಾಸ್ ರೆಗಲಾಡೊ ಹೇಳಿದ್ದು ಇದಕ್ಕೆ ನೇರ ವಿರುದ್ಧ: ಮಾತನಾಡಲು ಇದೇ ಸರಿಯಾದ ಸಮಯ. ಇವರಿಬ್ಬರ ನಡುವಿನ ಅಂತರ ಪಕ್ಷದ್ದಲ್ಲ, ಕಡಲಿನಿಂದ ಇರುವ ದೂರದ್ದು. ದಕ್ಷಿಣ ಫ್ಲಾರಿಡಾದ ನಾಲ್ಕು ಜಿಲ್ಲಾಡಳಿತಗಳು 2010ರಿಂದಲೇ ಪಕ್ಷಭೇದ ಬಿಟ್ಟು ಹವಾಮಾನದ ಒಪ್ಪಂದವೊಂದಕ್ಕೆ ಬದ್ಧವಾಗಿವೆ. ಮಳೆಯಿಲ್ಲದ ದಿನವೂ ಹುಣ್ಣಿಮೆಯ ಭರತಕ್ಕೆ ಚರಂಡಿಯಿಂದ ಉಪ್ಪುನೀರು ಉಕ್ಕಿ ರಸ್ತೆ ಮುಳುಗುವ ಮಯಾಮಿ ಬೀಚ್ ನಗರ ರಸ್ತೆಗಳನ್ನೇ ಎತ್ತರಿಸಿ ಪಂಪುಗಳನ್ನು ಕೂರಿಸಿದೆ. ರಾಜ್ಯ ಸರ್ಕಾರವೂ 2021ರ ಕಾನೂನಿನ ಮೂಲಕ ಪ್ರವಾಹ ತಡೆಯುವ ಕಾಮಗಾರಿಗಳಿಗೆ ಹಣ ಕೊಡುತ್ತಿದೆ. ಆದರೆ 2024ರ ಮೇ ತಿಂಗಳಲ್ಲಿ ಅದೇ ಸರ್ಕಾರ ರಾಜ್ಯದ ಇಂಧನ ಕಾನೂನಿನಿಂದ ಹವಾಮಾನ ಬದಲಾವಣೆಯ ಉಲ್ಲೇಖಗಳನ್ನು ಬಹುಪಾಲು ಅಳಿಸಿಹಾಕಿ, ಕಡಲಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವುದನ್ನು ನಿಷೇಧಿಸಿತು. ಜುಲೈ 1ರಿಂದ ಅದು ಜಾರಿಗೆ ಬಂತು. ಸೆಪ್ಟೆಂಬರ್ 26ರಂದು ಹೆಲೀನ್, ಅಕ್ಟೋಬರ್ 9ರಂದು ಮಿಲ್ಟನ್ ಚಂಡಮಾರುತಗಳು ಅದೇ ರಾಜ್ಯದ ದಡ ಮುಟ್ಟಿದವು. ಪರಿಣಾಮಕ್ಕೆ ಹಣ ಉಂಟು, ಕಾರಣಕ್ಕೆ ಹೆಸರಿಲ್ಲ ಎಂಬ ಈ ಧೋರಣೆ ಬರಿಯ ನಿರಾಕರಣೆಗಿಂತ ಅಪಾಯಕಾರಿ, ಏಕೆಂದರೆ ಏನೋ ಮಾಡುತ್ತಿದ್ದೇವೆಂಬ ಸಮಾಧಾನವನ್ನು ಅದು ಜನರಿಗೆ ಕೊಡುತ್ತದೆ.

ಇದನ್ನು ಒಂದೇ ಪಕ್ಷದ ದೋಷವೆಂದು ಬಗೆದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ. ಹೊಗೆ ತಗ್ಗಿಸುವ ಹೊಣೆ ಶ್ರೀಮಂತ ದೇಶಗಳ ಮೇಲೆ ಮಾತ್ರ ಬೀಳುವ ಯಾವ ಒಪ್ಪಂದಕ್ಕೂ ಸಹಿ ಹಾಕಕೂಡದೆಂದು 1997ರ ಜುಲೈನಲ್ಲಿ ಅಮೆರಿಕದ ಸೆನೆಟ್ ನಿರ್ಣಯ ಮಾಡಿದಾಗ ಪರವಾಗಿ ಬಿದ್ದ ಮತಗಳು 95, ವಿರುದ್ಧ ಒಂದೂ ಇಲ್ಲ. ಹವಾಮಾನ ಸಂಕಟವನ್ನು ಬಾಯಿ ತುಂಬ ಒಪ್ಪಿಕೊಂಡ ಜೋ ಬೈಡನ್ ಆಡಳಿತದ ಕಾಲದಲ್ಲೇ, 2023ರಲ್ಲಿ, ಆ ದೇಶ ದಿನಕ್ಕೆ ಸರಾಸರಿ 129 ಲಕ್ಷ ಬ್ಯಾರೆಲ್ ಕಚ್ಚಾತೈಲ ಎತ್ತಿ ಜಗತ್ತಿನಲ್ಲಿ ಯಾವ ದೇಶವೂ ಅದುವರೆಗೆ ಎತ್ತದಷ್ಟು ಎತ್ತಿತು.

ಎರಡು ಲೆಕ್ಕಗಳನ್ನು ಬೆಸೆಯುವ ಒಂದು ಅಂಕಿ ಇಲ್ಲದಿರಲಿಲ್ಲ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಬಿದ್ದರೆ ಮುಂದಿನ ದಶಕಗಳಲ್ಲಿ ಅದರಿಂದಾಗುವ ಹಾನಿಯ ಇಂದಿನ ಬೆಲೆಗೆ ಇಂಗಾಲದ ಸಾಮಾಜಿಕ ವೆಚ್ಚ ಎನ್ನುತ್ತಾರೆ. ವಾಹನಗಳ ಇಂಧನ ಮಿತಿಯನ್ನು ನಿಗದಿಮಾಡುವಾಗ ಸರ್ಕಾರ ಈ ವೆಚ್ಚಕ್ಕೆ ಯಾವ ಬೆಲೆಯನ್ನೂ ಕಟ್ಟದೆ ಬಿಟ್ಟಿದ್ದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ಬೆಲೆ ಎಷ್ಟೆಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು, ಆದರೆ ಅದು ಸೊನ್ನೆಯಂತೂ ಅಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2007ರಲ್ಲಿ ತೀರ್ಪಿತ್ತಿತು. ಬರಾಕ್ ಒಬಾಮಾ ಆಡಳಿತ 2010ರಲ್ಲಿ ಅಧಿಕೃತ ಬೆಲೆಯೊಂದನ್ನು ಗೊತ್ತುಮಾಡಿತು. ಇದರ ಹೃದಯದಲ್ಲಿರುವುದು ವಟ್ಟದ ದರ, ಅಂದರೆ ನಾಳಿನ ಹಾನಿಯನ್ನು ಇಂದಿಗೆ ಇಳಿಸಿ ಹೇಳುವಾಗ ವರ್ಷಕ್ಕೆ ಎಷ್ಟು ಪಾಲು ಕಳೆಯಬೇಕೆಂಬುದು. ನೂರು ವರ್ಷಗಳ ನಂತರ ಆಗುವ 100 ಡಾಲರ್ ಹಾನಿಯ ಇಂದಿನ ಬೆಲೆ ಶೇ. 2ರ ದರದಲ್ಲಿ ಸುಮಾರು 14 ಡಾಲರ್, ಶೇ. 3ರಲ್ಲಿ 5 ಡಾಲರ್, ಶೇ. 7ರಲ್ಲಿ 12 ಸೆಂಟ್. ಮೊಮ್ಮಕ್ಕಳ ಮುಳುಗಿದ ಮನೆಗೆ ಇಂದು ಎಷ್ಟು ತೂಕ ಕೊಡಬೇಕೆಂಬ ನೈತಿಕ ಪ್ರಶ್ನೆ ಇಲ್ಲಿ ಗಣಿತದ ವೇಷದಲ್ಲಿ ಕುಳಿತಿದೆ. 2017ರ ನಂತರ ಡೊನಾಲ್ಡ್ ಟ್ರಂಪ್ ಆಡಳಿತ ಶೇ. 7ರ ದರವನ್ನೂ ಬಳಕೆಗೆ ತಂದು, ಅಮೆರಿಕದ ಗಡಿಯೊಳಗಿನ ಹಾನಿಯನ್ನು ಮಾತ್ರ ಎಣಿಸಿ, ಟನ್ನಿನ ಬೆಲೆಯನ್ನು ಬೆರಳೆಣಿಕೆಯ ಡಾಲರುಗಳಿಗೆ ಇಳಿಸಿತು. 2023ರಲ್ಲಿ ಪರಿಸರ ಸಂಸ್ಥೆ ಅದನ್ನು ಸುಮಾರು 190 ಡಾಲರಿಗೆ ಏರಿಸಿತು. 2025ರ ಜನವರಿಯಲ್ಲಿ ಮರಳಿ ಬಂದ ಟ್ರಂಪ್, ಆ ಲೆಕ್ಕವನ್ನೇ ತೆಗೆದುಹಾಕುವ ಬಗ್ಗೆ ಪರಿಶೀಲಿಸಲು ಮೊದಲ ದಿನವೇ ಆದೇಶಿಸಿದರು.

ಗಡಿಯೊಳಗಿನ ಹಾನಿ ಮಾತ್ರ ಎಂಬ ಆ ಮಾತು ಕನ್ನಡ ಓದುಗರಿಗೂ ನೇರವಾಗಿ ತಟ್ಟುವಂಥದು. ಕೈಗಾರಿಕಾ ಯುಗದಿಂದೀಚೆಗೆ ಇಂಧನ ಸುಟ್ಟು ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಪಾಲು ಅಮೆರಿಕದ್ದು, ಆ ಅನಿಲ ಯಾವ ಸಾಗರದ ಮೇಲೂ ಒಂದೇ ತೆರನಾಗಿ ಹರಡುತ್ತದೆ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿತು. ಅದೇ 2021ರ ಮೇ ತಿಂಗಳಲ್ಲಿ ಗುಜರಾತಿನತ್ತ ಸಾಗುತ್ತಿದ್ದ ತೌಕ್ತೆ ಚಂಡಮಾರುತ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ತೀರವನ್ನು ಅಲೆ ಮತ್ತು ಮಳೆಯಿಂದ ಬಡಿಯಿತು. ಕಡಲ್ಕೊರೆತಕ್ಕೆ ಮನೆ ಕಳೆದುಕೊಳ್ಳುವ ಮೀನುಗಾರನ ನಷ್ಟಕ್ಕೆ ಬಂದರುಗಳ ತಡೆಗೋಡೆ, ಮರಳುಗಾರಿಕೆಗಳಂಥ ಸ್ಥಳೀಯ ಕಾರಣಗಳೂ ಇವೆ ನಿಜ. ಹೊಗೆಯ ಪಾಲು ಎಷ್ಟೇ ಇರಲಿ, ವಾಷಿಂಗ್ಟನ್ನಿನ ಆ ಲೆಕ್ಕದಲ್ಲಿ ಅವನ ಮನೆಗೆ ಕೊಟ್ಟ ಬೆಲೆ ಸೊನ್ನೆ.

ಗಾಳಿಯ ಹಾನಿಯನ್ನೂ ಹೊಗೆಯನ್ನೂ ಕಾನೂನಿನ ನೆಲೆಯಲ್ಲಿ ಜೋಡಿಸಿದ್ದು ಕರಾವಳಿಯ ಒಂದು ರಾಜ್ಯವೇ. ಕಡಲೇರಿ ತನ್ನ ದಡ ನಷ್ಟವಾಗುತ್ತಿದೆಯೆಂದು ಮ್ಯಾಸಚೂಸೆಟ್ಸ್ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2007ರ ಏಪ್ರಿಲ್‌ನಲ್ಲಿ, ಐದಕ್ಕೆ ನಾಲ್ಕು ಮತಗಳಿಂದ, ಹಸಿರುಮನೆ ಅನಿಲಗಳೂ ವಾಯುಮಾಲಿನ್ಯಕಾರಕಗಳೇ ಎಂದಿತು. ಅದರಂತೆ 2009ರ ಡಿಸೆಂಬರಿನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ, ಈ ಅನಿಲಗಳು ಜನರ ಆರೋಗ್ಯಕ್ಕೂ ಕ್ಷೇಮಕ್ಕೂ ಅಪಾಯಕಾರಿ ಎಂಬ ನಿರ್ಣಯಕ್ಕೆ ಬಂದಿತು. ವಾಹನ, ವಿದ್ಯುತ್ ಸ್ಥಾವರಗಳ ಹೊಗೆಗೆ ಮಿತಿ ಹಾಕಿದ ನಿಯಮಗಳಿಗೆಲ್ಲ ಅದೇ ತಳಹದಿಯಾಗಿತ್ತು. ಆ ತಳಹದಿಯನ್ನೇ ರದ್ದುಮಾಡುವ ಪ್ರಸ್ತಾಪವನ್ನು ಅದೇ ಸಂಸ್ಥೆ 2025ರ ಜುಲೈನಲ್ಲಿ ಮುಂದಿಟ್ಟಿತು. ಹೊಗೆಯ ಲೆಕ್ಕ ಹೀಗೆ ಅಲುಗಾಡುವುದಕ್ಕೆ ಎರಡು ತಿಂಗಳ ಮೊದಲೇ ಗಾಳಿಯ ಲೆಕ್ಕವನ್ನೂ ನಿಲ್ಲಿಸಲಾಗಿತ್ತು. ನೂರು ಕೋಟಿ ಡಾಲರ್ ಮೀರಿ ನಷ್ಟ ಮಾಡಿದ 1980ರಿಂದೀಚಿನ ಪ್ರಕೃತಿ ವಿಕೋಪಗಳನ್ನು ದಾಖಲಿಸುತ್ತ ಬಂದಿದ್ದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆ, ಇನ್ನು ಮುಂದೆ ಆ ಪಟ್ಟಿಗೆ ಹೊಸದೇನನ್ನೂ ಸೇರಿಸುವುದಿಲ್ಲವೆಂದು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಖಾಸಗಿ ವಿಜ್ಞಾನ ಸಂಘಟನೆಯೊಂದು ಆ ಕೆಲಸವನ್ನು ಬಳಿಕ ಕೈಗೆತ್ತಿಕೊಂಡಿದೆ. ಸರ್ಕಾರದ ಪಟ್ಟಿಯಲ್ಲಿರುವುದು 403 ವಿಕೋಪಗಳು, ಒಟ್ಟು ನಷ್ಟ 2.9 ಲಕ್ಷ ಕೋಟಿ ಡಾಲರಿಗೂ ಹೆಚ್ಚು, ಕೊನೆಯ ವರ್ಷ 2024.